ನೂಲಾಗುವ ಮೊದಲೇ ಬಣ್ಣ

ಚಟನೂಗಾ, ಟೆನೆಸ್ಸಿ
ಭಾನುವಾರ ಬೆಳಿಗ್ಗೆ

ತೀರ್ಥರೂಪ ಸಮಾನರಾದ ಕಾಕಾ ಅವರಿಗೆ,

ಕಾಕುವಿನ ಮೊಣಕಾಲು ಹೇಗಿದೆ? ನಾನು ಕೊಟ್ಟುಬಂದ ಎಣ್ಣೆ ಹಚ್ಚುತ್ತಿದ್ದಾರೋ ಇಲ್ಲವೋ ನೀವೇ ವಿಚಾರಿಸಬೇಕು.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಇದು ಕೂಗಿ ಹೇಳುವ ವಿಷಯವೂ ಅಲ್ಲ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ನಿನ್ನೆ ನಾನೊಂದು ಬಣ್ಣದ ನೂಲಿನ ಗಿರಣಿ ನೋಡಿಬಂದೆ. ಒಳಗೆಲ್ಲ ತಿರುಗಾಡಿದರೂ ಒಂದೇ ಒಂದು ಬಣ್ಣದ ಹಂಡೆ ಕಾಣಲಿಲ್ಲ, ಕಾಕಾ. ಒದ್ದೆ ಲಡಿ ಇಲ್ಲ, ಹಂಡೆಯ ಹಬೆ ಇಲ್ಲ, ಕಾಲಡಿ ಹರಿಯುವ ಬಣ್ಣದ ನೀರಿಲ್ಲ. ಆದರೂ ಅಲ್ಲಿಂದ ಬರುವ ಪ್ರತಿ ಎಳೆಗೂ ಬಣ್ಣವಿದೆ. ನಲವತ್ತು ವರ್ಷ ಇಳಕಲ್ಲಿನಲ್ಲಿ ಹಂಡೆಯ ಮುಂದೆ ನಿಂತ ನಿಮಗಲ್ಲದೆ ಇದನ್ನು ಇನ್ನಾರಿಗೆ ಹೇಳಲಿ?

ಮಗನ ಮನೆಯಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಡಾಲ್ಟನ್ ಎಂಬ ಊರು. ಜಾರ್ಜಿಯಾ ರಾಜ್ಯದ ವಾಯವ್ಯ ಮೂಲೆ. ಇಳಕಲ್ ಅಂದರೆ ಸೀರೆ ಎನ್ನುವ ಹಾಗೆ ಇಲ್ಲಿ ಡಾಲ್ಟನ್ ಅಂದರೆ ಕಾರ್ಪೆಟ್. ಅಮೆರಿಕದ ಮನೆ, ಆಫೀಸು, ಹೋಟೆಲುಗಳ ನೆಲಕ್ಕೆ ಹಾಸುವ ಕಾರ್ಪೆಟ್ಟಿನ ಬಹುಪಾಲು ಈ ಊರಿನಲ್ಲಿ ಮತ್ತು ಇದರ ಸುತ್ತಮುತ್ತ ತಯಾರಾಗುತ್ತದೆ.

ಈ ದಂಧೆ ಶುರುವಾದದ್ದು ಒಬ್ಬ ಹುಡುಗಿಯ ಕೈಯಿಂದ. 1895ರಲ್ಲಿ ಕ್ಯಾಥರೀನ್ ಇವಾನ್ಸ್ ಎಂಬ ಹದಿಹರೆಯದವಳು ಹಳೆಯ ಕಾಲದ ಹೊದಿಕೆಯೊಂದನ್ನು ನೋಡಿ ತಾನೂ ಅಂಥದೇ ಒಂದು ಮಾಡಿದಳು. ಬಿಳಿ ಬಟ್ಟೆಗೆ ದಪ್ಪ ಹತ್ತಿ ನೂಲಿನಿಂದ ಹೊಲಿಗೆ ಹಾಕಿ, ಮೇಲೆದ್ದ ಕುಣಿಕೆ ಕತ್ತರಿಸಿ, ಬಿಸಿನೀರಿನಲ್ಲಿ ಒಗೆದಳು. ಬಟ್ಟೆ ಕುಗ್ಗಿ ನೂಲನ್ನು ಬಿಗಿಯಾಗಿ ಹಿಡಿದುಕೊಂಡಿತು, ಕತ್ತರಿಸಿದ ತುದಿ ಹೂವಿನಂತೆ ಅರಳಿತು. 1900ರಲ್ಲಿ ಮೊದಲ ಹೊದಿಕೆ ಎರಡೂವರೆ ಡಾಲರಿಗೆ ಮಾರಾಟವಾಯಿತು. ಆಮೇಲೆ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳೆಲ್ಲ ಈ ಕಸುಬಿಗೆ ಕೈ ಹಚ್ಚಿದರು. 41ನೇ ಹೆದ್ದಾರಿಯ ಉದ್ದಕ್ಕೂ ಮನೆ ಮುಂದೆ ಹಗ್ಗ ಕಟ್ಟಿ ಹೊದಿಕೆ ತೂಗುಹಾಕಿ ಮಾರುತ್ತಿದ್ದರಂತೆ. ನವಿಲಿನ ಚಿತ್ರದವಕ್ಕೆ ಬೇಡಿಕೆ ಬಹಳ, ಆ ರಸ್ತೆಗೇ ‘ಪೀಕಾಕ್ ಆ್ಯಲಿ’, ಅಂದರೆ ನವಿಲಿನ ಓಣಿ ಎಂದು ಹೆಸರು ಬಿತ್ತು. ಮುಂದೆ ಕೈಹೊಲಿಗೆ ಯಂತ್ರಕ್ಕೆ ಹೋಯಿತು, ಹಾಸಿಗೆಯ ಹೊದಿಕೆ ನೆಲಕ್ಕಿಳಿದು ಕಾರ್ಪೆಟ್ ಆಯಿತು, 1950ರ ದಶಕದ ಕೊನೆಯ ಹೊತ್ತಿಗೆ ಹತ್ತಿಯ ಜಾಗಕ್ಕೆ ನೈಲಾನಿನ ಉದ್ದ ಎಳೆ ಬಂತು.

ನಾನು ನೋಡಿದ್ದು ಮಗನ ಪರಿಚಯದವರೊಬ್ಬರು ಕೆಲಸ ಮಾಡುವ ಗಿರಣಿ. ಕಿವಿಗೆ ಹತ್ತಿ ಬಿರಡೆಯಂಥದ್ದು, ಕಣ್ಣಿಗೆ ಕನ್ನಡಕ ಕೊಟ್ಟು ಒಳಗೆ ಬಿಟ್ಟರು. ಮೊದಲು ತೋರಿಸಿದ್ದು ಕಾಳು. ಸಾಬೂದಾನಿಯಷ್ಟು ದಪ್ಪದ ಬಿಳಿ ಪಾಲಿಯೆಸ್ಟರ್ ಕಾಳು. ಅದನ್ನು ಗಂಟೆಗಟ್ಟಲೆ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಒಣಗಿಸುವುದು ಎಂದರೆ ಎಷ್ಟು ಗೊತ್ತೇ? 10 ಲಕ್ಷ ಪಾಲಿನಲ್ಲಿ 50 ಪಾಲಿಗಿಂತಲೂ ಕಡಿಮೆ ತೇವ ಉಳಿಯಬೇಕು. ಹೆಚ್ಚಾದರೆ ಕರಗುವ ಹೊತ್ತಿಗೆ ಪ್ಲಾಸ್ಟಿಕ್ಕಿನ ಒಳಗಿನ ಉದ್ದ ಸರಪಳಿಗಳು ತುಂಡಾಗಿ ಎಳೆಗೆ ಬಲವೇ ಇರುವುದಿಲ್ಲ. ನಿಮ್ಮ ಕಸುಬು ನೀರಿಲ್ಲದೆ ನಡೆಯದು, ಇವರದು ಒಂದು ಹನಿ ನೀರಿದ್ದರೂ ಕೆಡುತ್ತದೆ.

ಪಕ್ಕದ ಸಣ್ಣ ಡಬ್ಬಿಗಳಲ್ಲಿ ಬಣ್ಣದ ಕಾಳು. ಮಾಸ್ಟರ್‌ಬ್ಯಾಚ್ ಅನ್ನುತ್ತಾರೆ. ಪ್ಲಾಸ್ಟಿಕ್ಕಿನೊಳಗೇ ಬಣ್ಣದ ಪುಡಿಯನ್ನು ದಟ್ಟವಾಗಿ ತುಂಬಿ ಮಾಡಿದ್ದು. ನಿಮ್ಮ ಬಣ್ಣ ನೀರಿನಲ್ಲಿ ಕರಗಿ ನೂಲಿಗೆ ಹೋಗುತ್ತದೆ, ಈ ಪುಡಿ ಕರಗುವುದೇ ಇಲ್ಲ. ಕಪ್ಪಿಗೆ ಮಸಿ, ಬಿಳಿಗೆ ಟೈಟಾನಿಯಂ ಡೈಆಕ್ಸೈಡ್, ಕಾವಿ ಮತ್ತು ಕಂದಿಗೆ ಕಬ್ಬಿಣದ ಆಕ್ಸೈಡ್. ಕಡೆಯದು ನಮ್ಮ ಕೆಮ್ಮಣ್ಣಿನ ಬಣ್ಣವೇ ಕಾಕಾ, ಅವ್ವ ಗೋಡೆಗೆ ಬಳಿಯುತ್ತಿದ್ದ ಮಣ್ಣು. ಪಾಲಿಯೆಸ್ಟರ್ ಕರಗುವುದು 260 ಡಿಗ್ರಿಯ ಆಸುಪಾಸಿನಲ್ಲಿ, ಆ ಬೇಗೆಯಲ್ಲೂ ಬಣ್ಣ ಸುಟ್ಟುಹೋಗಬಾರದು. ಪುಡಿಯೂ ತೀರ ನಯವಾಗಿರಬೇಕು. ಹೊರಬರುವ ಎಳೆ ತಲೆಗೂದಲಿಗಿಂತ ಸಣ್ಣದು, ಒಂದು ಒರಟು ಕಣ ಬಂದರೆ ಅಲ್ಲೇ ಹರಿಯುತ್ತದೆ.

ಬಿಳಿ ಕಾಳೂ ಬಣ್ಣದ ಕಾಳೂ ಲೆಕ್ಕದಂತೆ ಕೂಡಿ ಉದ್ದನೆಯ ಬಿಸಿ ಕೊಳವೆಗೆ ಬೀಳುತ್ತವೆ. ಒಳಗೆ ದೊಡ್ಡ ಸ್ಕ್ರೂ ತಿರುಗುತ್ತ ಕರಗಿಸಿ, ನಾದಿ, ಮುಂದಕ್ಕೆ ತಳ್ಳುತ್ತದೆ. ಕೊನೆಯಲ್ಲಿ ತೂತಿನ ಉಕ್ಕಿನ ತಟ್ಟೆ. ಶಾವಿಗೆ ಒರಳು ಅಂದರೆ ನಿಮಗೆ ತಟ್ಟನೆ ತಿಳಿಯುತ್ತದೆ. ಆದರೆ ಇಲ್ಲಿನ ತೂತು ದುಂಡಗಿಲ್ಲ. ಎಳೆಯ ಅಡ್ಡಕೊಯ್ತವನ್ನು ದೊಡ್ಡದು ಮಾಡಿದ ಚಿತ್ರ ತೋರಿಸಿದರು. ನೋಡಿದ ಕೂಡಲೇ ನನಗೆ ಬಿಲ್ವಪತ್ರೆ ನೆನಪಾಯಿತು. ಹಾಗೇ ಮೂರು ದಳ. ಮೂರು ದಳವಿದ್ದರೆ ಬೆಳಕು ಚದುರಿ ಕಾರ್ಪೆಟ್ಟಿನ ಕೊಳೆ ಎದ್ದು ಕಾಣುವುದಿಲ್ಲ, ಮೈಯೂ ತುಂಬಿಕೊಂಡಿರುತ್ತದೆ.

ತಟ್ಟೆಯಿಂದ ಇಳಿದ ಎಳೆಗಳಿಗೆ ತಣ್ಣನೆ ಗಾಳಿ ಬೀಸುತ್ತದೆ, ತುಸು ಎಣ್ಣೆ ಸವರುತ್ತಾರೆ. ಬಿಸಿ ಉರುಳೆಗಳ ಮೇಲೆ ಎಳೆದಾಗ ಮೂರು-ನಾಲ್ಕು ಪಟ್ಟು ಉದ್ದವಾಗಿ ಬಲ ಬರುತ್ತದೆ. ಆಮೇಲಿನದ್ದನ್ನು ನಾನು ಬಹಳ ಹೊತ್ತು ನಿಂತು ನೋಡಿದೆ. ನೇರ ಎಳೆಗಳ ಕಟ್ಟನ್ನು ಬಿಸಿಗಾಳಿಯ ರಭಸದಿಂದ ಒಂದು ಸಣ್ಣ ಗೂಡಿಗೆ ತುರುಕುತ್ತಾರೆ. ಅದು ಮುದುಡಿ, ಸುರುಳಿ ಬಿದ್ದು, ಕಂಬಳಿಹುಳದಂತೆ ತಿರುಗುವ ಡ್ರಮ್ಮಿನ ಮೇಲೆ ಮೆಲ್ಲಗೆ ಬಂದು ಮಲಗುತ್ತದೆ. ಹಿಂದೆ ಮುಂದೆ ಎಲ್ಲ ನಿಮಿಷಕ್ಕೆ 2 ಕಿಲೋಮೀಟರಿಗೂ ಮಿಕ್ಕಿ ಓಡುತ್ತಿರುವಾಗ ಆ ಹುಳವೊಂದೇ ನಿಧಾನ. ಅಲ್ಲಿ ತಣ್ಣಗಾದ ಮೇಲೆ ಗುಂಗುರು ಕಾಯಂ. ಗುಂಗುರು ಇಲ್ಲದಿದ್ದರೆ ಕಾರ್ಪೆಟ್ ಮೀನು ಹಿಡಿಯುವ ದಾರ ಹಾಸಿದಂತೆ ಇರುತ್ತಿತ್ತು.

ನೂಲಿನ ಸಣ್ಣ ದಪ್ಪ ಹೇಳುವ ಲೆಕ್ಕ ಇಲ್ಲೂ ಡೆನಿಯರ್! ಆ ಮಾತು ಕಿವಿಗೆ ಬಿದ್ದಾಗ ಊರಿನವರು ಸಿಕ್ಕಂತಾಯಿತು. ನೀವು 20–22 ಡೆನಿಯರಿನ ರೇಷ್ಮೆಯ ಮಾತಾಡುತ್ತಿದ್ದಿರಿ, ಇವರ ನೂಲು ಸಾವಿರ ಡೆನಿಯರ್ ದಾಟುತ್ತದೆ. ಇದಕ್ಕೆ ಹುರಿ ಕೊಟ್ಟು, ಹಬೆಯಲ್ಲಿ ಹುರಿ ನಿಲ್ಲಿಸಿ, 12 ಅಡಿ ಅಗಲದ ಯಂತ್ರದಲ್ಲಿ ಸಾವಿರಕ್ಕೂ ಹೆಚ್ಚು ಸೂಜಿಗಳಿಂದ ಒಮ್ಮೆಗೇ ಬಟ್ಟೆಗೆ ಚುಚ್ಚುತ್ತಾರೆ. ಕ್ಯಾಥರೀನಳ ಬಿಸಿನೀರಿನ ಕೆಲಸವನ್ನು ಈಗ ಬೆನ್ನಿಗೆ ಬಳಿಯುವ ಲ್ಯಾಟೆಕ್ಸ್ ಮಾಡುತ್ತದೆ.

ಬಣ್ಣ ಬದಲಿಸುವುದನ್ನೂ ಕೇಳಿದೆ. ತಿಳಿಬಣ್ಣದಿಂದ ಗಾಢ ಬಣ್ಣಕ್ಕೆ ಹೋಗುತ್ತಾರೆ, ನಿಮ್ಮ ಹಂಡೆಯದೇ ಕ್ರಮ. ಹಳೆ ಬಣ್ಣ ಕೊಳವೆಯಿಂದ ಪೂರ್ತಿ ತೊಳೆದುಹೋಗುವ ತನಕ ಬರುವ ನೂಲು ಅದೂ ಅಲ್ಲ ಇದೂ ಅಲ್ಲ. ಕೆನೆಯಿಂದ ಕಂದಿಗೆ ತಿರುಗುತ್ತಿದ್ದ ಅಂಥ ನೂಲು ನೆಲದ ಮೇಲೆ ರಾಶಿ ಬಿದ್ದಿತ್ತು. ಒಂದು ಹಿಡಿ ಎತ್ತಿ ನೋಡಿದೆ. ಮುಂಗಾರಿನ ಮೊದಲ ದಿನ ಹೊಲದ ಮಣ್ಣು ಕಪ್ಪೇರುವ ಹಾಗೆ ಒಂದೇ ಎಳೆಯಲ್ಲಿ ಮೆಲ್ಲಗೆ ಬಣ್ಣ ಏರಿತ್ತು. ಅಷ್ಟು ಚೆಂದದ್ದು ಕಸಕ್ಕೆ ಹೋಗುತ್ತದಲ್ಲ ಎಂದು ಕರುಳು ಚುರುಕ್ಕೆಂದಿತು.

ಅಲ್ಲೇ ಆ ಹಳೆಯ ದಿನ ನೆನಪಾಯಿತು, ಕಾಕಾ. ನಾನಾಗ ಆರನೇ ಇಯತ್ತೆ. ಎರಡು ಹಂಡೆಯ ಕೆಂಪಿನಲ್ಲಿ ಕೂದಲೆಳೆಯಷ್ಟು ಫರಕು ಬಂತೆಂದು ವ್ಯಾಪಾರಿಯೊಬ್ಬ ಅಷ್ಟೂ ಸೀರೆ ತಿರುಗಿ ಕಳಿಸಿದ್ದ. ನೀವು ಒಂದೂ ಮಾತಾಡದೆ ಅಂಗಳದಲ್ಲಿ ಎರಡು ಲಡಿ ಪಕ್ಕಪಕ್ಕ ಹಿಡಿದು ನಿಂತಿದ್ದಿರಿ. “ಬಣ್ಣ ನೀರಾಗ ಕಾಣೋದು ಬ್ಯಾರೆ, ಒಣಗಿದ ಮ್ಯಾಲ ಕಾಣೋದು ಬ್ಯಾರೆ” ಅಂದಿರಿ, ಅಷ್ಟೇ. ಇಲ್ಲಿ ಬಣ್ಣ ಅಳೆಯಲು ಯಂತ್ರವಿದೆ. ಆದರೂ ಒಂದು ಪೆಟ್ಟಿಗೆಯಲ್ಲಿ ಹಗಲಿನ ಬೆಳಕು, ಅಂಗಡಿಯ ಬೆಳಕು, ಮನೆಯ ಬಲ್ಬಿನ ಬೆಳಕು ಬದಲಿಸುತ್ತ ಮನುಷ್ಯನ ಕಣ್ಣಿನಿಂದಲೂ ನೋಡುತ್ತಾರೆ. ಒಂದು ಬೆಳಕಿನಲ್ಲಿ ಜೋಡಿಯಾಗಿದ್ದು ಇನ್ನೊಂದರಲ್ಲಿ ಬೇರೆಯಾಗುತ್ತದೆ. ನೀವು ಲಡಿಯನ್ನು ಒಮ್ಮೆ ಬಿಸಿಲಿಗೆ, ಒಮ್ಮೆ ಪಡಸಾಲೆಯ ನೆರಳಿಗೆ ಒಯ್ಯುತ್ತಿದ್ದುದೂ ಇದಕ್ಕೇ ಅಲ್ಲವೇ? ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಿಮ್ಮ ಹಂಡೆಯಲ್ಲಿ ತಿಳಿಯಾದರೆ ಇನ್ನೊಂದು ಅದ್ದು ಕೊಡಬಹುದಿತ್ತು. ಇಲ್ಲಿ ಎಳೆ ತಟ್ಟೆಯಿಂದ ಇಳಿದ ಮೇಲೆ ಬಣ್ಣ ತಿದ್ದಲು ಬರುವುದಿಲ್ಲ.

ಬಿಳಿ ನೈಲಾನನ್ನು ಆಮೇಲೆ ಅದ್ದಿ ಬಣ್ಣ ಕೊಡುವ ಪದ್ಧತಿಯೂ ಇದೆ. ನೀವು ರೇಷ್ಮೆಗೆ ಬಳಸುವ ಆ್ಯಸಿಡ್ ಬಣ್ಣಗಳ ಕುಲದ್ದನ್ನೇ ನೈಲಾನೂ ಹಿಡಿಯುತ್ತದೆ. ಅದು ಹೊಸ್ತಿಲಿಗೆ ಬಳಿದ ಅರಿಸಿನವಾದರೆ ಕರಗಿದಾಗಲೇ ಬಣ್ಣ ಬೆರೆಸಿದ ಈ ನೂಲು ಅರಿಸಿನದ ಕೊಂಬು, ಎಲ್ಲಿ ಮುರಿದರೂ ಹಳದಿ. ಬಿಸಿಲಿಗೆ ಬೇಗ ಮಾಸುವುದಿಲ್ಲ, ಬ್ಲೀಚಿಗೂ ಸುಲಭಕ್ಕೆ ಜಗ್ಗುವುದಿಲ್ಲ. ಪಾಲಿಪ್ರೊಪಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿಗಂತೂ ಬಣ್ಣ ಹಿಡಿದುಕೊಳ್ಳುವ ಜಾಗವೇ ಇಲ್ಲ, ಕರಗಿದಾಗ ಬೆರೆಸಿದರಷ್ಟೇ ಉಂಟು.

ಇಷ್ಟು ನೋಡಿ ಹೊರಬಂದಾಗ ನನ್ನ ತಲೆಯಲ್ಲಿ ಇದ್ದದ್ದು ನಮ್ಮ ಓಣಿಯ ಗಟಾರ, ಒಂದು ದಿನ ಹಸಿರು, ಒಂದು ದಿನ ಕೆಂಪು. ಇಂಥದ್ದು ನಮ್ಮಲ್ಲಿ ಬಂದರೆ ಎಷ್ಟು ನೀರು ಉಳಿದೀತು ಎಂದು ಮನಸ್ಸು ಹಾರಿತು. ಆದರೆ ಹತ್ತಿ ಕರಗುವುದಿಲ್ಲ, ಸುಡುತ್ತದೆ. ರೇಷ್ಮೆಯೂ ಅಷ್ಟೇ. ಹುಳ ನೂತ ಎಳೆಗೆ, ಗಿಡದಲ್ಲಿ ಬಿಟ್ಟ ಎಳೆಗೆ ಹಂಡೆಯೇ ಗತಿ. ಆ ನೀರನ್ನು ಶುದ್ಧ ಮಾಡಿ ಬಿಡುವ ದಾರಿಯನ್ನೇ ನಾವು ಹಿಡಿಯಬೇಕು, ಬೇರೆ ದಾರಿಯಿಲ್ಲ.

ಇಲ್ಲಿಯೂ ನೀರು ನೆಮ್ಮದಿಯಾಗಿಲ್ಲ. ಊರ ಹತ್ತಿರ ಕಾನಸಾಗ ಎಂಬ ನದಿ ಹರಿಯುತ್ತದೆ. ಕಾರ್ಪೆಟ್ಟಿಗೆ ಕಲೆ ಹಿಡಿಯದಿರಲೆಂದು ವರ್ಷಗಟ್ಟಲೆ ಹಾಕಿದ ಫ್ಲೋರಿನ್ ರಾಸಾಯನಿಕಗಳು ಆ ನೀರಿನಲ್ಲಿ ಸಿಕ್ಕಿವೆ. ಅವು ಕೊಳೆಯುವುದೇ ಇಲ್ಲವಂತೆ. ಸಂಜೆ ಸೇತುವೆಯ ಮೇಲೆ ನಿಂತು ನೋಡಿದೆ, ನೀರು ತಿಳಿಯಾಗಿಯೇ ಇತ್ತು. ಬಣ್ಣದ ನೀರಾದರೆ ಕಣ್ಣಿಗೆ ಕಾಣುತ್ತದೆ, ಬೈಯುವುದಕ್ಕಾದರೂ ಬರುತ್ತದೆ. ಕಾಣದ ಇದನ್ನು ಕುಡಿಯುವವರ ಸಂಕಟ ನೆನೆದು ಹೊಟ್ಟೆ ತೊಳಸಿತು.

ನೀರಿನ ಬಾಟಲಿಗಳನ್ನು ತೊಳೆದು ಚೂರು ಮಾಡಿ ಕರಗಿಸಿಯೂ ಕಾರ್ಪೆಟ್ ನೂಲು ಮಾಡುತ್ತಾರೆ. ಬಾಟಲಿ ಬಣ್ಣವಿಲ್ಲದ್ದಾದರೆ ಬೇಕಾದ ಬಣ್ಣ ಕೊಡಬಹುದು. ಒಮ್ಮೆ ಬಣ್ಣ ಸೇರಿಸಿದ ಮೇಲೆ ಅದನ್ನು ಹೊರತೆಗೆಯುವುದು ಬಹಳ ಕಷ್ಟ, ಮುಂದಿನ ಸಲ ಅದು ಗಾಢ ಬಣ್ಣಕ್ಕಷ್ಟೇ ಸೈ. ಬಣ್ಣ ಬಿಡಬಾರದೆಂದು ಇಡೀ ಜೀವಮಾನ ಹೆಣಗಿದ ನಿಮಗೆ, ಬಿಡದ ಬಣ್ಣದ ಈ ತೊಂದರೆ ವಿಚಿತ್ರವಾಗಿ ಕಾಣಬಹುದು.

ಗಿರಣಿಯಿಂದ ಹೊರಡುವಾಗ ಮಗನ ಪರಿಚಯದವರು ಒಂದು ಸಣ್ಣ ಡಬ್ಬಿಯಲ್ಲಿ ಕೆಂಪು ಕಾಳನ್ನೂ ಅದರಿಂದಾದ ನಾಲ್ಕು ಮೊಳ ನೂಲನ್ನೂ ಕೊಟ್ಟರು. ಟ್ಯೂಬ್‌ಲೈಟಿನಲ್ಲಿ ನಮ್ಮ ಸೆರಗಿನ ದಾಳಿಂಬೆ ಕೆಂಪೇ ಅನ್ನಿಸುತ್ತದೆ. ಕಿಟಕಿಯ ಬಳಿ ಹಿಡಿದರೆ ಯಾಕೋ ಒಂದು ಪಾಲು ನೀಲಿ ಹೆಚ್ಚೆನ್ನಿಸುತ್ತದೆ. ನನ್ನ ಕಣ್ಣನ್ನು ನಾನು ನಂಬುವುದಿಲ್ಲ. ಮುಂದಿನ ತಿಂಗಳು ಬರುತ್ತೇನೆ. ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಹಿಡಿದು ನೀವೇ ಹೇಳಬೇಕು.

ಕಾಕುವಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿಮ್ಮ ಮಗಳು