ಇದು ಯಾವ ಬಂದರು?

ನಾವಿರುವ ಕೆಂಡಲ್ ಪಾರ್ಕಿನಿಂದ ಸಮುದ್ರ ಕಾಣುವುದಿಲ್ಲ, ಅದರ ವಾಸನೆಯೂ ಬರುವುದಿಲ್ಲ. ನ್ಯೂಜೆರ್ಸಿಯ ನಡುಭಾಗದಲ್ಲಿ, ರೂಟ್ 27ರ ಮಗ್ಗುಲಲ್ಲಿ, 1950ರ ದಶಕದಲ್ಲಿ ಒಬ್ಬ ಬಿಲ್ಡರ್ ಹೆಚ್ಚುಕಡಿಮೆ ಒಂದೇ ನಮೂನೆಯ ಮನೆಗಳನ್ನು ಸಾಲಾಗಿ ಎಬ್ಬಿಸಿ, ತನ್ನ ಹೆಸರನ್ನೇ ಇಟ್ಟುಬಿಟ್ಟ ಬಡಾವಣೆ ಇದು. ಅಪ್ಪ ಮೊದಲ ಸಲ ಬಂದದ್ದು ಏಪ್ರಿಲ್ ಮೊದಲ ವಾರದಲ್ಲಿ. ರಸ್ತೆಯಂಚಿನಲ್ಲಿ ಇನ್ನೂ ಕೊಳಕು ಹಿಮದ ಗುಪ್ಪೆಗಳಿದ್ದವು. ಬೋರ್ಡು ಓದಿ, "ಕೆಂಡಲ್ ಪಾರ್ಕಂತೆ! ಕೆಂಡ ಎಲ್ಲಿ ಉಂಟು ಮಾರಾಯ?" ಎಂದು ಕೈ ಉಜ್ಜಿಕೊಂಡಿದ್ದರು.

ಇಂಥ ಒಳನಾಡಿನಲ್ಲಿ ಕೂತು ನಾನು ಕಳೆದ ಆರು ವರ್ಷಗಳಲ್ಲಿ ಕಲಿತ ವಿದ್ಯೆಯೆಂದರೆ ಬಂದರು ಗುರುತಿಸುವುದು. ಕಲಿಸಿದವರು ಪಕ್ಕದ ಮನೆಯ ನಿವೃತ್ತ ಶಾಲಾ ಶಿಕ್ಷಕಿ. ಎಪ್ಪತ್ತು ದಾಟಿದ ಆಕೆಗೆ ಕ್ರೂಸಿನ ಹುಚ್ಚು. ನಮ್ಮಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿ ಬಯೋನ್ ಎಂಬಲ್ಲಿ ಕೇಪ್ ಲಿಬರ್ಟಿ ಇದೆ. ಹಿಂದೆ ಸೈನ್ಯದ ಸರಕು ಕಟ್ಟೆಯಾಗಿದ್ದ ಜಾಗ, 2004ರಿಂದ ಪ್ರವಾಸಿ ಹಡಗುಗಳ ನಿಲ್ದಾಣ. ವರ್ಷಕ್ಕೆ ಎರಡು ಸಲವಾದರೂ ಆಕೆಯನ್ನು ಅಲ್ಲಿಗೆ ಬಿಟ್ಟುಬರುವ ಚಾಕರಿ ನನ್ನದು. ಹಿಂತಿರುಗಿದ ಮೇಲೆ ಆಕೆ ಫೋಟೋಗಳನ್ನು ಪ್ರಿಂಟ್ ಹಾಕಿಸಿ, ಕವರಿನಲ್ಲಿಟ್ಟುಕೊಂಡು ನಮ್ಮ ಮನೆಯ ಹಿಂದಿನ ಡೆಕ್ಕಿಗೆ ಬರುತ್ತಾರೆ. ಒಂದೊಂದನ್ನೇ ಮೇಜಿನ ಮೇಲೆ ಇಟ್ಟು, ಎಲ್ಲಿ ಹೇಳಿ ನೋಡೋಣ ಎನ್ನುತ್ತಾರೆ. ಮೂರು ಪ್ರಶ್ನೆ ಕೇಳಬಹುದು, ಉತ್ತರ ಹೌದು ಇಲ್ಲ ಅಷ್ಟೆ. ಬಾವುಟ ಇದ್ದರೆ ಹೆಬ್ಬೆರಳಿನಿಂದ ಮುಚ್ಚುತ್ತಾರೆ. ಫೋನು ಮುಟ್ಟಬಾರದು. ಸೋತವರು ಕಾಫಿ ಮಾಡಬೇಕು. ಮೊದಲ ಎರಡು ವರ್ಷ ನಮ್ಮ ಮನೆಯಲ್ಲಿ ಫಿಲ್ಟರ್ ಕಾಫಿ ಧಾರಾಳವಾಗಿ ಖರ್ಚಾಯಿತು.

ನಾನು ಸಿ.ಎ. ಮಾಡಿದವನು. ನಮ್ಮ ಕಸುಬಿನಲ್ಲಿ ಊಹೆಗೆ ಮರ್ಯಾದೆ ಇಲ್ಲ, ವೋಚರು ಬೇಕು. ಆದರೆ ಒಳ್ಳೆಯ ಆಡಿಟರ್ ಲೆಡ್ಜರನ್ನು ನೋಡುವ ಮೊದಲು ಗೋಡೌನನ್ನು ನೋಡುತ್ತಾನೆ. ನೆಲದ ಮೇಲೆ ಧೂಳು ಎಷ್ಟಿದೆ, ಯಾವ ಮೂಟೆ ಹೊಸತು, ಕಾವಲುಗಾರ ಯಾವ ಬಾಗಿಲಿನ ಎದುರು ನಿಂತು ಮಾತಾಡುತ್ತಾನೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಬಂದರಿನ ಫೋಟೋಗಳೂ ಹಾಗೆಯೇ. ಕೋಟೆ, ಚರ್ಚು, ಬೀಚು ನೋಡಿ ಪ್ರಯೋಜನವಿಲ್ಲ. ಅವು ಎಲ್ಲ ಕಡೆ ಇರುತ್ತವೆ. ಛಾವಣಿ ನೋಡಬೇಕು. ಬರ್ಮುಡಾದ ಮನೆಗಳ ಛಾವಣಿ ಮೆಟ್ಟಿಲು ಮೆಟ್ಟಿಲಾಗಿದ್ದು ಬೆಳ್ಳಗೆ ಸುಣ್ಣ ಬಳಿದಿರುತ್ತದೆ. ಆ ದ್ವೀಪದಲ್ಲಿ ನದಿಯಿಲ್ಲ, ಛಾವಣಿಯಲ್ಲಿ ಬಿದ್ದ ಮಳೆನೀರೇ ಮನೆಯಡಿಯ ತೊಟ್ಟಿಗೆ ಇಳಿದು ಕುಡಿಯುವ ನೀರಾಗುತ್ತದೆ. ಅಲ್ಲಿನ ಹಳೆಯ ನೌಕಾ ಕಟ್ಟೆಯಲ್ಲಿ ಜೋಡಿ ಗೋಪುರಗಳಿವೆ. ಎರಡರಲ್ಲೂ ಗಡಿಯಾರದ ಮುಖವಿದೆ, ಆದರೆ ಹೊತ್ತು ಬೇರೆ ಬೇರೆ. ಕೆಟ್ಟುಹೋಗಿದೆ ಎಂದುಕೊಂಡವರು ಸೋತರು. ಒಂದು ತೋರಿಸುವುದು ಗಂಟೆಯನ್ನು, ಇನ್ನೊಂದು ಭರತದ ಹೊತ್ತನ್ನು.

ಕಾರು ಎಡಗಡೆ ಓಡುತ್ತಿದೆ, ಆದರೆ ಸ್ಟಿಯರಿಂಗೂ ಎಡಗಡೆಗೇ ಇದೆ ಎಂದರೆ ಅದು ಅಮೆರಿಕದ ವರ್ಜಿನ್ ದ್ವೀಪಗಳು, ಬಹುಶಃ ಸೇಂಟ್ ಥಾಮಸ್. ರಸ್ತೆಗೆ ಹಾಸಿದ ಕಲ್ಲು ಮಳೆಯಲ್ಲಿ ನೀಲಿಯಾಗಿ ಹೊಳೆದರೆ ಹಳೆಯ ಸಾನ್ ಹುವಾನ್. ಬಂಡೆಯ ಮೈಮೇಲೆಲ್ಲ ಹಡಗುಗಳ ಹೆಸರನ್ನು ಬಣ್ಣದಲ್ಲಿ ಬರೆದಿದ್ದರೆ ಅಲಾಸ್ಕಾದ ಸ್ಕಾಗ್‌ವೇ. ಕ್ಯುರಸಾವ್‌ನಲ್ಲಿ 1888ರ ಒಂದು ಸೇತುವೆ ಇದೆ, ದೋಣಿಗಳ ಮೇಲೆ ತೇಲುವಂಥದ್ದು. ಹಡಗು ಬಂದಾಗ ಸೇತುವೆಯೇ ಬಾಗಿಲಿನ ಹಾಗೆ ಒಂದು ಬದಿಗೆ ಸರಿಯುತ್ತದೆ. ಇವನ್ನೆಲ್ಲ ನಾನು ನೋಡಿದವನಲ್ಲ. ಕಾಫಿ ಮಾಡಿ ಮಾಡಿ ಕಲಿತದ್ದು.

ಅಪ್ಪ ಆಟಕ್ಕೆ ಸೇರಿದ್ದು ಅಮ್ಮ ತೀರಿಕೊಂಡ ಮರುವರ್ಷ. ಅಲ್ಲಿಂದೀಚೆಗೆ ಅವರು ಮೇ ತಿಂಗಳಲ್ಲಿ ಬಂದು ಅಕ್ಟೋಬರಿನಲ್ಲಿ ಹೋಗುತ್ತಾರೆ. ವಿಸಿಟರ್ ವೀಸಾದಲ್ಲಿ ಬಂದ ನಮ್ಮ ಹಿರಿಯರ ದಿನಚರಿ ಓದುಗರಿಗೆ ಗೊತ್ತೇ ಇದೆ. ಬೆಳಿಗ್ಗೆ ವಾಕಿಂಗ್, ಆಮೇಲೆ ಯೂಟ್ಯೂಬಿನಲ್ಲಿ ಯಕ್ಷಗಾನ, ವಾರಾಂತ್ಯಕ್ಕೆ ಬ್ರಿಜ್‌ವಾಟರಿನ ವೆಂಕಟೇಶ್ವರ ದೇವಸ್ಥಾನ, ಉಳಿದಂತೆ ಕಿಟಕಿ. ಅಪ್ಪನಿಗೆ ಕಿಟಕಿ ಸಾಕಾಗುತ್ತಿರಲಿಲ್ಲ. ಅವರು ಪಣಂಬೂರಿನ ನವಮಂಗಳೂರು ಬಂದರಿನಲ್ಲಿ, ಸರಕು ಇಳಿಸುವ ಖಾಸಗಿ ಏಜೆಂಟರೊಬ್ಬರ ಕೈಕೆಳಗೆ ಟ್ಯಾಲಿ ಕ್ಲರ್ಕ್ ಆಗಿದ್ದವರು. ಆಫ್ರಿಕಾದಿಂದ ಬರುವ ಕಚ್ಚಾ ಗೇರುಬೀಜದ ಮೂಟೆ, ಮರದ ದಿಮ್ಮಿ, ಹೊರಗೆ ಹೋಗುವ ಕಾಫಿ, ಇವನ್ನು ಬಿಸಿಲಲ್ಲಿ ನಿಂತು ಐದೈದು ಗೆರೆಗಳ ಕಟ್ಟು ಹಾಕಿ ಎಣಿಸುವುದು ಅವರ ಕೆಲಸ. ನನ್ನ ಕಸುಬಿಗೂ ಅವರದಕ್ಕೂ ನಡುವೆ ಇರುವುದು ಒಂದು ಏರ್‌ಕಂಡೀಷನರ್ ಮಾತ್ರ ಎಂದು ನಾನು ಹೇಳುವುದುಂಟು. ಅವರು ಅದನ್ನು ಒಪ್ಪುವುದಿಲ್ಲ. "ನೀನು ಬರೆದದ್ದನ್ನು ಎಣಿಸುವುದು. ನಾನು ಇದ್ದದ್ದನ್ನು ಎಣಿಸಿದವ" ಎನ್ನುತ್ತಾರೆ. ಮನೆಮಾತು ತುಳುವಿನಲ್ಲಿ ಇದು ಇನ್ನೂ ಚುರುಕಾಗಿ ಕೇಳಿಸುತ್ತದೆ.

ಅವರ ಇಂಗ್ಲಿಷು ಪೂರ್ತಿ ಬಂದರಿನದು. ಬರ್ತ್, ಡ್ರಾಫ್ಟ್, ಹ್ಯಾಚ್, ಡೆಮರೇಜ್. ಅದರಲ್ಲೇ ಅವರು ಟೀಚರ ಹತ್ತಿರ ಗಂಟೆಗಟ್ಟಲೆ ಮಾತಾಡಿದರು. ಮೊದಲ ದಿನವೇ ಒಂದು ಜೋಡಿ ಫೋಟೋ ಬಂತು. ಬೆಳಿಗ್ಗೆ ತೆಗೆದದ್ದರಲ್ಲಿ ಹಡಗಿನ ಏಣಿ ಕಟ್ಟೆಗೆ ಸಮನಾಗಿದೆ, ಮಧ್ಯಾಹ್ನದ್ದರಲ್ಲಿ ಅದೇ ಏಣಿ ಕಡಿದಾಗಿ ನಿಂತಿದೆ, ಕಟ್ಟೆಯ ಕಂಬಗಳೆಲ್ಲ ಹಸಿರು ಪಾಚಿಯೊಂದಿಗೆ ಬಯಲಾಗಿವೆ. ಅಪ್ಪ ಕನ್ನಡಕ ಏರಿಸಿ, "ನಮ್ಮಲ್ಲಿ ಭರತ ಇಳಿತದ ವ್ಯತ್ಯಾಸ ಒಂದೂವರೆ ಮೀಟರು. ಇಲ್ಲಿ ಎಂಟು ಮೀಟರಾದರೂ ಉಂಟು. ಇದು ಕೆನಡಾದ್ದು" ಎಂದರು. ಫಂಡಿ ಕೊಲ್ಲಿಯ ಸೇಂಟ್ ಜಾನ್. ಆ ಕೊಲ್ಲಿಯ ಹೆಸರನ್ನು ಅವರು ಯಾವುದೋ ಹಡಗಿನ ನಾವಿಕನ ಬಾಯಲ್ಲಿ ಮೂವತ್ತು ವರ್ಷದ ಹಿಂದೆ ಕೇಳಿದ್ದರಂತೆ. ಅವತ್ತು ಕಾಫಿ ಮಾಡಿದ್ದು ಟೀಚರು, ನಮ್ಮ ಅಡುಗೆಮನೆಯಲ್ಲಿ, ನನ್ನ ಹೆಂಡತಿಯ ಮಾರ್ಗದರ್ಶನದಲ್ಲಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನಮ್ಮ ರೂಟ್ 27ರಲ್ಲೇ ದಕ್ಷಿಣಕ್ಕೆ ಹತ್ತು ಮೈಲಿಯೊಳಗೆ ಪ್ರಿನ್ಸ್‌ಟನ್ ಸಿಗುತ್ತದೆ. ಅಲ್ಲಿನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿಯಲ್ಲಿ ಎಸ್. ಡಿ. ಗೊಯ್ಟೈನ್ ಎಂಬ ವಿದ್ವಾಂಸರಿದ್ದರು, ತೀರಿಕೊಂಡದ್ದು 1985ರಲ್ಲಿ. ಕೈರೋದ ಹಳೆಯ ಸಿನಗಾಗಿನ ಒಂದು ಕೋಣೆಯಲ್ಲಿ ಶತಮಾನಗಳ ಕಾಲ ಬಿಸಾಡಿದ್ದ ಕಾಗದದ ಚೂರುಗಳಿಂದ ಅವರು ಹಿಂದೂ ಮಹಾಸಾಗರದ ವ್ಯಾಪಾರವನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಆ ಚೂರುಗಳಲ್ಲಿ ನಮ್ಮ ಮಂಗಳೂರಿದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಅಲ್ಲಿ ವರ್ಷಗಟ್ಟಲೆ ನೆಲೆಸಿ, ಕರಿಮೆಣಸು, ಕಬ್ಬಿಣ, ಅಡಿಕೆಯನ್ನು ಏಡನ್ನಿಗೆ ಕಳಿಸುತ್ತಿದ್ದ. ಕಾಗದ ದುಬಾರಿಯಾದ್ದರಿಂದ ಬಂದ ಪತ್ರಗಳ ಖಾಲಿ ಜಾಗದಲ್ಲೇ ತನ್ನ ಲೆಕ್ಕ ಬರೆಯುತ್ತಿದ್ದ. ಅವನ ಕಡೆಯ ಆಳೊಬ್ಬ ವ್ಯಾಪಾರಕ್ಕೆಂದು ಏಡನ್ನಿಗೆ ಹೋಗಿ, ಕುಡಿದು, ಇನ್ನಷ್ಟು ಹಣ ಕೊಡಿ ಎಂದು ಗಲಾಟೆ ಮಾಡಿದ ಸಂಗತಿಯೂ ಪತ್ರದಲ್ಲಿದೆ. ಖರ್ಚಿಗೆ ವಿವರಣೆ ಬೇಕಲ್ಲ! ಸ್ವರಗಳನ್ನು ಪೂರ್ತಿ ಬರೆಯದ ಲಿಪಿಯಲ್ಲಿ ಆ ಆಳಿನ ಹೆಸರು ಕೆಲವೇ ಅಕ್ಷರ. ಅದನ್ನು ಹೇಗೆ ಓದಬೇಕೆಂದು ಅಮಿತಾವ್ ಘೋಷ್ ಮಂಗಳೂರಿಗೇ ಬಂದು ಹುಡುಕಿದರು. ತುಳು ವಿದ್ವಾಂಸರಾದ ಬಿ. ಎ. ವಿವೇಕ ರೈಗಳ ನೆರವಿನಿಂದ ಅದು 'ಬೊಮ್ಮ' ಎಂದು ತಿಳಿಯಿತು. ಘೋಷ್ ಅವರ 1992ರ ಪುಸ್ತಕದಲ್ಲಿ ಈ ಹುಡುಕಾಟವಿದೆ. ನಾನು ಇದನ್ನು ಹೇಳಿದಾಗ ಅಪ್ಪ ಬಹಳ ಹೊತ್ತು ನಕ್ಕರು. "ಎಂಟುನೂರು ವರ್ಷ ಆದರೂ ಅವನ ಕುಡಿದ ಲೆಕ್ಕ ಹೋಗಲಿಲ್ಲ ನೋಡು. ಟ್ಯಾಲಿ ಅಂದರೆ ಅದು."

ಮೂರು ವರ್ಷ ಹೀಗೆ ನಡೆಯಿತು. ಈ ಮಧ್ಯೆ ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿ ಒಂದು ಕಡತ ತಯಾರಾಗಿತ್ತು. ನಾನು ಇಲ್ಲಿನ ಪ್ರಜೆ, ಹೆತ್ತವರ ಗ್ರೀನ್ ಕಾರ್ಡಿಗೆ ಐ-130 ಅರ್ಜಿ ಹಾಕಬಹುದು. ಅಪ್ಪನಿಗೆ ಎಪ್ಪತ್ತೈದಾಗಿದೆ, ಮಂಡಿ ನೋವು, ಮನೆಯಲ್ಲಿ ಒಬ್ಬರೇ. ಅಕ್ಕ ಇರುವುದು ಪುಣೆಯಲ್ಲಿ. ರಾತ್ರಿ ಎರಡು ಗಂಟೆಗೆ ಫೋನು ಬಂದರೆ ಎದೆ ಹೊಡೆದುಕೊಳ್ಳುವುದು ಯಾರಿಗೆ ಗೊತ್ತಿಲ್ಲ? ಅಡ್ಡಿಗಳನ್ನೂ ಲೆಕ್ಕ ಹಾಕಿದ್ದೆ. ಗ್ರೀನ್ ಕಾರ್ಡು ಬಂದರೆ ಅವರ ಊರಿನ ಠೇವಣಿಯ ಬಡ್ಡಿಗೂ ಇಲ್ಲಿ ತೆರಿಗೆ ಪತ್ರ ಸಲ್ಲಿಸಬೇಕು, ಹೊರದೇಶದ ಖಾತೆಗಳಲ್ಲಿ ಒಟ್ಟು 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಬೇರೆ. ಮೆಡಿಕೇರ್ ಕೊಳ್ಳಲು ಐದು ವರ್ಷ ಇಲ್ಲಿ ನೆಲೆಸಿರಬೇಕು. ಎಲ್ಲ ಹೊಂದಿಸಬಹುದಾದದ್ದೇ. ಊರಿನ ಮನೆ ಮಾತ್ರ ಮಾರಬೇಕಾಗುತ್ತಿತ್ತು, ನೋಡಿಕೊಳ್ಳುವವರಿಲ್ಲ. ಅಪ್ಪನಿಗೆ ಹೇಳಿದಾಗ "ನೋಡುವ" ಎಂದರು. ನಮ್ಮ ಕಡೆ 'ನೋಡುವ' ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಟೀಚರ ಆಟದ ನಿಯಮಕ್ಕೆ ಒಗ್ಗದ ಉತ್ತರ.

ಆ ಚಳಿಗಾಲದಲ್ಲಿ ಟೀಚರು ಮೊದಲ ಬಾರಿ ನಮ್ಮ ದಿಕ್ಕಿಗೆ ಹೊರಟರು. ವಿಮಾನದಲ್ಲಿ ದುಬೈ, ಅಲ್ಲಿಂದ ಹಡಗು. ಹಿಂದಿರುಗಿದ ಮೇಲೆ ಒಂದೇ ಒಂದು ಕವರನ್ನು ಬೇರೆ ಇಟ್ಟಿದ್ದರು. ಅಪ್ಪ ಮೇ ತಿಂಗಳಲ್ಲಿ ಬರುವವರೆಗೆ ಅದನ್ನು ತೆರೆಯಲಿಲ್ಲ, ನನಗೂ ತೋರಿಸಲಿಲ್ಲ.

ಬರುವ ಹಡಗುಗಳ ಪ್ರವಾಸಿಗಳನ್ನು ಮಂಗಳೂರಿನಲ್ಲಿ ಎಲ್ಲಿಗೆ ಒಯ್ಯುತ್ತಾರೆಂದು ನನಗೆ ಗೊತ್ತು. ಕದ್ರಿ, ಕುದ್ರೋಳಿ, ಗೇರುಬೀಜದ ಕಾರ್ಖಾನೆ, ಮೊಸ್ಕೇನಿ ಚಿತ್ರ ಬಿಡಿಸಿದ ಅಲೋಶಿಯಸ್ ಚಾಪೆಲ್, ಹೊತ್ತಿದ್ದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1432ರ ಕಾರ್ಕಳದ ಗೊಮ್ಮಟ. ಇವುಗಳಲ್ಲಿ ಒಂದನ್ನು ತೋರಿಸಿದ್ದರೂ ನಮ್ಮ ಮಗಳೇ ಹೇಳಿಬಿಡುತ್ತಿದ್ದಳು. ಟೀಚರು ಅವನ್ನೆಲ್ಲ ತೆಗೆದಿಟ್ಟಿದ್ದರು. ಮೇಜಿನ ಮೇಲೆ ಬಂದದ್ದು ಎರಡೇ ಚಿತ್ರ. ಮೊದಲನೆಯದರಲ್ಲಿ ಆಕೆಯ ಸುಕ್ಕುಗಟ್ಟಿದ ಅಂಗೈ, ಅದರಲ್ಲಿ ಒಂದು ಮೊಳದಷ್ಟು ಮಲ್ಲಿಗೆ. ಹಿಂದೆ ಬರೀ ಸಿಮೆಂಟಿನ ಗೋಡೆ. ಎರಡನೆಯದು ಹಡಗಿನ ಬಾಲ್ಕನಿಯಿಂದ ಬೆಳಗಿನ ಜಾವ ತೆಗೆದದ್ದು. ಅಲುಗಾಡದ ಕಪ್ಪು ನೀರು, ಕಟ್ಟೆಯ ಮೂಲೆ, ದೂರದಲ್ಲಿ ಒಂದು ಕೊಳವೆಯ ತುದಿಯಲ್ಲಿ ಉರಿ. ಕೊಚ್ಚಿ ಇರಬಹುದು, ಕೊಲಂಬೊ ಇರಬಹುದು ಎನ್ನುವಂಥದ್ದು.

ಅಪ್ಪ ಮಲ್ಲಿಗೆಯ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದರು. ಹೂವಿನ ನಡುವೆ ಒಣಗಿದ ಎಳೆ ಕಾಣುತ್ತಿತ್ತು, ನೂಲಲ್ಲ, ಬಾಳೆನಾರು. ಅವರಿಗೆ ಆಗಲೇ ಗೊತ್ತಾಯಿತೆಂದು ನನಗೆ ತಿಳಿಯಿತು. ಆದರೂ ಪ್ರಶ್ನೆ ಕೇಳಿದರು.

"ಹಡಗು ಒಳಗೆ ಬರುವಾಗ ಎರಡೂ ಬದಿಗೆ ಕಲ್ಲಿನ ದಂಡೆ ಇತ್ತಾ?" ಹೌದು.

"ಹೂವಿಗೆ ನೀವು ದುಡ್ಡು ಕೊಟ್ಟಿರಾ?" ಇಲ್ಲ. ಟೀಚರು ನಗಲಾರಂಭಿಸಿದ್ದರು.

ಮೂರನೆಯದನ್ನು ಕೇಳಲು ಸ್ವಲ್ಪ ತಡವಾಯಿತು. "ನಿಮಗೆ ಆ ಊರು ಇಷ್ಟವಾಯಿತಾ?" ಹೌದು ಎಂದರೆ ಸಾಕಿತ್ತು. ಟೀಚರು ತಮ್ಮ ನಿಯಮವನ್ನೇ ಮುರಿದು, ತುಂಬಾ ಇಷ್ಟವಾಯಿತು, ಹೂ ಕೊಟ್ಟವಳು ದುಡ್ಡು ಮುಟ್ಟಲೇ ಇಲ್ಲ ಎಂದರು.

ಆಮೇಲೆ ಅಪ್ಪ ಎರಡನೇ ಫೋಟೋವನ್ನು ಮೇಜಿನ ಮೇಲೆ ನೇರ ಮಾಡಿ ಇಟ್ಟು, ಕಪ್ಪು ನೀರಿನ ಮೇಲೆ ಬೆರಳಿಟ್ಟರು. ತಮ್ಮ ಬಂದರಿನ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಇಲ್ಲಿ ನಮ್ಮ ಮನೆ ಇತ್ತು."

ನವಮಂಗಳೂರು ಬಂದರು ನದಿಯ ಬಾಯಲ್ಲಿ ತಾನಾಗಿ ಆದದ್ದಲ್ಲ. ಹಳೆಯ ಬಂದರು ಅಂಥದ್ದು. ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು ಅಲ್ಲಿಂದಲೇ ಹೊರಡುತ್ತವೆ. ಪಣಂಬೂರಿನದು ನೆಲವನ್ನು ಅಗೆದು, ಸಮುದ್ರವನ್ನು ಒಳಗೆ ಕರೆದು ಮಾಡಿದ ಬಂದರು. 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರು ಎಂಬ ಪಟ್ಟ ಸಿಕ್ಕಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಅದಕ್ಕೂ ಮೊದಲೇ ಆ ನೆಲದಲ್ಲಿದ್ದ ಕುಟುಂಬಗಳು ಕಾಟಿಪಳ್ಳದ ಕಡೆಗೆ ಹೋಗಿ ಹೊಸದಾಗಿ ಮನೆ ಕಟ್ಟಿಕೊಂಡಿದ್ದವು. ಅಪ್ಪ ಆಗ ಹೈಸ್ಕೂಲಿನ ಹುಡುಗ. ಅಜ್ಜ ಮನೆಯ ಹಂಚುಗಳನ್ನು ಒಂದೊಂದಾಗಿ ಇಳಿಸಿ, ಗಾಡಿಯಲ್ಲಿ ಹೇರಿಕೊಂಡು ಹೋದರಂತೆ. ಎಣಿಸುವ ಕೆಲಸ ಅಪ್ಪನಿಗೆ. ಒಡೆದದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಅವರು ಇವತ್ತಿಗೂ ಹೇಳಬಲ್ಲರು. "ಅದು ನನ್ನ ಮೊದಲ ಟ್ಯಾಲಿ" ಎಂದರು ಟೀಚರಿಗೆ. ದೂರು ಇರಲಿಲ್ಲ ದನಿಯಲ್ಲಿ. ಮುಂದೆ ಅನ್ನ ಸಿಕ್ಕಿದ್ದೂ ಅದೇ ಕಟ್ಟೆಯಲ್ಲಿ. ಬೇಸಿಗೆಯಲ್ಲಿ ಹಡಗಿನ ನೆರಳು ಬಿದ್ದಾಗ, ನಮ್ಮ ಬಾವಿ ಇದ್ದದ್ದು ಇಷ್ಟರ ನೇರಕ್ಕೆ ಎಂದು ಮನಸ್ಸಿನಲ್ಲೇ ಅಳೆಯುತ್ತಿದ್ದರಂತೆ. ನಾನು ಅವರ ಮಗ, ಆರ್ಟಿಕಲ್‌ಶಿಪ್ಪಿನ ದಿನಗಳಲ್ಲಿ ಅದೇ ಬಂದರಿನ ಗೋಡೌನುಗಳಲ್ಲಿ ಮೂಟೆ ಎಣಿಸಿದವನು. ಈ ಮಾತನ್ನು ಅವರು ನನಗೆ ಅದುವರೆಗೆ ಹೇಳಿರಲಿಲ್ಲ. ಹೇಳಿಸಿದ್ದು ಪಕ್ಕದ ಮನೆಯವರು, ಎರಡು ಫೋಟೋ ಇಟ್ಟು.

ಟೀಚರು ಮಾತಾಡಲಿಲ್ಲ. ಎದ್ದು ಒಳಗೆ ಹೋಗಿ ಕಾಫಿಗೆ ಇಟ್ಟರು. ಸೋತದ್ದು ಅವರೇ ತಾನೆ.

ಅಂದು ರಾತ್ರಿ ಅಪ್ಪ ನನ್ನ ಕೋಣೆಗೆ ಬಂದು, "ಆ ಅರ್ಜಿಯ ಕಡತ ಎಲ್ಲಿ ಉಂಟು?" ಎಂದರು. ತೆಗೆದುಕೊಟ್ಟೆ. ಪುಟ ತಿರುವಿ, ಕಾಟಿಪಳ್ಳದ ಮನೆಯ ವಿಳಾಸವಿದ್ದ ಕಡೆ ನಿಂತು, ಪಿನ್ ಕೋಡ್ ಸರಿಯಾಗಿದೆಯೇ ನೋಡಿ, ಮಡಚಿ ವಾಪಸು ಕೊಟ್ಟರು. "ಆ ಹಂಚು ಇನ್ನೂ ಈ ಮನೆಯ ಮೇಲೆ ಉಂಟು. ಮತ್ತೊಮ್ಮೆ ಇಳಿಸಲಿಕ್ಕೆ ನನ್ನಿಂದ ಆಗುವುದಿಲ್ಲ ಮಗ. ಬಂದು ಹೋಗುತ್ತೇನೆ, ಮಂಡಿ ಇರುವಷ್ಟು ದಿನ." ನನ್ನ ಹತ್ತಿರ ಒಳ್ಳೆಯ ವಾದಗಳಿದ್ದವು, ಅಂಕಿ ಅಂಶ ಸಮೇತ. ಅವು ಯಾವುವೂ ಹಂಚಿನ ಲೆಕ್ಕಕ್ಕೆ ಸಮನಾಗಿರಲಿಲ್ಲ. ಮರುದಿನ ಬೇರೆ ಕೆಲಸ ಮಾಡಿದೆ. ಊರಿನ ಪಕ್ಕದ ಮನೆಯ ಹುಡುಗನೊಂದಿಗೆ ಮಾತಾಡಿ ರಾತ್ರಿ ಮಲಗಲು ಒಬ್ಬರ ವ್ಯವಸ್ಥೆ, ಬಚ್ಚಲಿಗೆ ಹಿಡಿಕೆ, ಸುರತ್ಕಲ್ಲಿನಲ್ಲಿ ಮನೆಗೇ ಬರುವ ಫಿಸಿಯೋಥೆರಪಿಸ್ಟ್. ಖರ್ಚು ನಾನು ಅಂದಾಜಿಸಿದ್ದಕ್ಕಿಂತ ಕಡಿಮೆ. ನಡುರಾತ್ರಿಯ ಫೋನಿನ ಹೆದರಿಕೆ ಹೋಗಿಲ್ಲ, ಅದಕ್ಕೆ ವ್ಯವಸ್ಥೆ ಇಲ್ಲ.

ಅಕ್ಟೋಬರಿನಲ್ಲಿ ಅಪ್ಪ ಹೊರಟರು. ವಿಮಾನ ನಿಲ್ದಾಣಕ್ಕೆ ಟೀಚರೂ ಬಂದಿದ್ದರು. ಹದಿನೈದು ದಿನ ಕಳೆದ ಮೇಲೆ ನನ್ನ ಫೋನಿಗೆ ಅಪ್ಪನಿಂದ ಒಂದು ಚಿತ್ರ ಬಂತು, ಟೀಚರಿಗೆ ತೋರಿಸು ಎಂಬ ಸೂಚನೆಯೊಂದಿಗೆ. ಒದ್ದೆಯಾದ ಕೆಂಪು ಮುರಕಲ್ಲು, ಅದರ ಮೇಲೆ ಒಂದು ಹಿತ್ತಾಳೆ ಚೊಂಬು, ಮೂಲೆಯಲ್ಲಿ ಯಾರದೋ ಬರಿಗಾಲಿನ ಬೆರಳು. ಬೇರೇನೂ ಇಲ್ಲ. ಟೀಚರು ಕನ್ನಡಕ ಒರೆಸಿಕೊಂಡು ನಮ್ಮ ಡೆಕ್ಕಿನ ಕುರ್ಚಿಯಲ್ಲಿ ಕೂತು, ಬಹಳ ಯೋಚಿಸಿ ಮೊದಲ ಪ್ರಶ್ನೆ ಕಳಿಸಿದರು: ಅಲ್ಲಿಗೆ ಹಡಗು ಬರುತ್ತದೆಯೇ?

ಅಲ್ಲಿ ಆಗ ರಾತ್ರಿ ಹತ್ತೂವರೆ. ಆದರೂ ಒಂದು ನಿಮಿಷದೊಳಗೆ ಉತ್ತರ ಬಂತು. "ಇಲ್ಲ. ಇನ್ನು ಎರಡು ಉಂಟು."