ಬಸವನಹುಳುವಿನ ರಕ್ಷಾಶಕ್ತಿ

ಸಂಸ್ಕೃತದ ಶಂಬೂಕಕ್ಕೆ ಕನ್ನಡಿಗರು ಬಸವನಹುಳುವೆಂದು ಹೆಸರಿಟ್ಟಿರುವರು. ತಲೆಯ ಮೇಲಿನ ಕೊಂಬುಗಳನ್ನೂ ಮಂದಗತಿಯನ್ನೂ ಕಂಡು ಈ ಹೆಸರು ಹುಟ್ಟಿರಬೇಕು. ಆದರೆ ಬಸವನಿಗೂ ಈ ಹುಳುವಿಗೂ ಇರುವ ಸಂಬಂಧವು ಹೆಸರಿನಲ್ಲಿಯೇ ಮುಗಿಯುವದಿಲ್ಲ. ಎತ್ತಿನ ಉಸಿರಾಟದ ಸುಖದುಃಖವು ಎಷ್ಟೋ ವೇಳೆ ಈ ಅಲ್ಪಜೀವಿಯ ರಕ್ತದಲ್ಲಿ ನಿರ್ಣಯವಾಗುವದು.

ನವಲಿಂಗ ದೇವಾಲಯಗಳಿಂದ ಪ್ರಸಿದ್ಧವಾದ ಕುಕನೂರಿನ ಸೀಮೆಯಲ್ಲಿ ಮಳೆಯು ಅಲ್ಪ. ಇಂಥ ನಾಡಿನಲ್ಲಿ ದನಗಳು ಕೆರೆ-ಹೊಂಡಗಳ ನಿಂತ ನೀರಿಗೆ ಇಳಿಯುವದು ಸ್ವಾಭಾವಿಕವೇ. ಭರತಖಂಡದ ನಿಂತ ನೀರುಗಳಲ್ಲಿ ಇಂಡೋಪ್ಲಾನಾರ್ಬಿಸ್ ಎಂಬ ಬಸವನಹುಳು ಬಹಳ. ಇದರ ಚಿಪ್ಪು ಚಕ್ಕುಲಿಯಂತೆ ಸುತ್ತಿಕೊಂಡಿರುವದು. ರಕ್ತವು ಮನುಷ್ಯನದರಂತೆ ಕೆಂಪು. ದನಗಳಿಗೆ ಗೊರಕೆರೋಗವನ್ನು ತರುವ ಶಿಸ್ಟೋಸೋಮಾ ನೇಸಾಲೆ ಎಂಬ ಕ್ರಿಮಿಗೆ ಇದೇ ಆಶ್ರಯ. ಆ ಕ್ರಿಮಿಯನ್ನು 1933ರಲ್ಲಿ ಎಂ. ಅನಂತನಾರಾಯಣ ರಾಯರು ಶಾಸ್ತ್ರೀಯವಾಗಿ ವರ್ಣಿಸಿದರು. ಅದು ದನದ ಮೂಗಿನ ರಕ್ತನಾಳಗಳಲ್ಲಿ ನೆಲೆಸುವದು. ತತ್ತಿಗಳು ಸಿಂಬಳದೊಡನೆ ನೀರಿಗೆ ಬೀಳುವವು. ತತ್ತಿಯೊಡೆದು ಬಂದ ಮರಿಯು ಕೆಲವು ತಾಸುಗಳೊಳಗೆ ಬಸವನಹುಳುವಿನ ಮೈಯನ್ನು ಹೊಗದಿದ್ದರೆ ಸತ್ತುಹೋಗುವದು.

ಹೊಕ್ಕಮೇಲೆ ನಡೆಯುವ ಸಂಗ್ರಾಮವನ್ನು ವಿದ್ವಾಂಸರು ಇದೇ ಕುಲದ ಅಮೇರಿಕೆಯ ಬಯೋಮ್ಫಲೇರಿಯಾ ಎಂಬ ಹುಳುವಿನಲ್ಲಿ ಕೂಲಂಕಷವಾಗಿ ಪರೀಕ್ಷಿಸಿರುವರು. ಮನುಷ್ಯನ ರಕ್ತದಲ್ಲಿರುವಂಥ ಪ್ರತಿಕಾಯಗಳು ಬಸವನಹುಳುವಿಗೆ ಇಲ್ಲ. ಆದರೂ ಅದು ನಿರಾಯುಧವಲ್ಲ. ಅದರ ರಕ್ತದ್ರವದಲ್ಲಿರುವ ಕೆಲವು ಸಸಾರಜನಕಗಳು ಶತ್ರುವಿನ ಮೈಗೆ ಅಂಟಿಕೊಂಡು ಅದನ್ನು ಗುರುತಿಸುವವು. ಇವು ಒಂದೊಂದು ಹುಳುವಿನಲ್ಲಿ ಒಂದೊಂದು ಬಗೆಯಾಗಿರುವವೆಂದು 2004ರಲ್ಲಿ ಪ್ರಕಟವಾಯಿತು. ಆಮೇಲೆ ರಕ್ತಕಣಗಳು ಕ್ರಿಮಿಯನ್ನು ಪದರುಪದರಾಗಿ ಮುತ್ತಿ, ಉಗ್ರವಾದ ಆಮ್ಲಜನಕದ ಸಂಯುಕ್ತಗಳನ್ನು ಅದರ ಮೇಲೆ ಸುರಿಸುವವು. ಬಲ್ಲ ಹುಳುವಿನಲ್ಲಿ ಒಂದೆರಡು ದಿವಸಗಳೊಳಗೆ ಕ್ರಿಮಿಯು ನಾಶವಾಗುವದು. ಒಮ್ಮೆ ಸೋಂಕಿದ ಹುಳುವು ಅದೇ ಜಾತಿಯ ಕ್ರಿಮಿಯನ್ನು ಎರಡನೆಯ ಸಲ ಹೆಚ್ಚು ಚೆನ್ನಾಗಿ ತಡೆಯುವದೂ ಉಂಟು.

ಗುರುತು ತಪ್ಪಿದರೆ ಕಥೆಯೇ ಬೇರೆ. ಕ್ರಿಮಿಯು ರಕ್ತಕಣಗಳನ್ನು ಮಂಕುಗೊಳಿಸಿ, ಒಳಗೇ ಬೆಳೆದು, ಒಂದು ಸಾವಿರವಾಗುವದು. ಹುಳುವು ತಿಂದ ಆಹಾರವೆಲ್ಲ ಅದರ ಪಾಲಾಗಿ, ಹುಳುವಿನ ಸಂತಾನಶಕ್ತಿಯೇ ಕುಂದುವದು. ಮುಂದೆ ಬಾಲವುಳ್ಳ ಮರಿಗಳು ಹೊರಬಿದ್ದು, ನೀರಿನಲ್ಲಿ ನಿಂತ ಎತ್ತಿನ ಚರ್ಮವನ್ನು ಕೊರೆದು ಒಳಹೊಗುವವು.

ಹಾಗಾದರೆ ಸೃಷ್ಟಿಯು ಎಲ್ಲ ಹುಳುಗಳಿಗೂ ಈ ರಕ್ಷೆಯನ್ನು ಏಕೆ ಕೊಟ್ಟಿಲ್ಲ? ಇದಕ್ಕೆ ಉತ್ತರವು 1999ರ ಒಂದು ಪರಿಶೋಧನೆಯಲ್ಲಿದೆ: ಬಯೋಮ್ಫಲೇರಿಯಾದಲ್ಲಿ ಕ್ರಿಮಿಯನ್ನು ತಡೆಯಬಲ್ಲ ವಂಶಗಳಿಗೆ ಸಂತಾನವು ಕಡಿಮೆ. ಕೋಟೆಗೆ ಹಾಕಿದ ಧಾನ್ಯವು ಬಿತ್ತನೆಗೆ ಉಳಿಯದು. ಶತ್ರುವಿಲ್ಲದ ನೀರಿನಲ್ಲಿ ರಕ್ಷೆಯಿಲ್ಲದ ಹುಳುಗಳೇ ಹೆಚ್ಚುವವು. ಶತ್ರುವು ಬಂದ ದಿನ ಅವೇ ಮೊದಲು ಸೋಲುವವು.

ಆದುದರಿಂದ ಎತ್ತಿನ ಯಜಮಾನನು ಹುಳುವಿನ ಶೌರ್ಯವನ್ನೇ ನಂಬಿ ಕೂಡ್ರಲಾಗದು. ಗೊರಕೆಯಿಡುವ ದನವನ್ನು ಕೆರೆಗಿಳಿಸದೆ ಪಶುವೈದ್ಯನಿಗೆ ತೋರಿಸುವದು, ನೀರನ್ನು ಸೇದಿ ದೋಣಿಯಲ್ಲಿ ಕುಡಿಸುವದು ಅವನ ಕೈಯಲ್ಲಿರುವ ಕೆಲಸ. ಸಿಂಬಳವು ನೀರಿಗೆ ಬೀಳದಿದ್ದರೆ ಬಸವನಹುಳುವಿಗೆ ಯುದ್ಧವೇ ಇಲ್ಲ.