ಸಮನ್ಸ್ ಬಂದ್ಮೇಲೆ, ಭಾಗ 3: ಪ್ಯಾರಾ 4ಕ್ಕೆ ಉತ್ತರ ಎಲ್ಲಿ?

ಹೋದ ಪೋಸ್ಟ್ ಓದಿ "ಲಾಯರ್ ಇಲ್ದೆ ಕೋರ್ಟಲ್ಲಿ ಹೆಂಗೋ ನಿಂತೆ?" ಅಂತ ಕೇಳಿದೋರಿಗೆಲ್ಲ ಒಟ್ಟಿಗೇ ಹೇಳ್ತೀನಿ. ನಿಲ್ಲೋಕೆ ಮುಂಚೆ ಕೂತೆ. ಹಿಂದಿನ ಬೆಂಚಲ್ಲಿ, ಮೂರು ದಿನ ಬೆಳಿಗ್ಗೆ, ಬೇರೆಯವರ ಕೇಸು ನೋಡ್ತಾ.

ಹೊಸಬರಿಗೆ: ಅಪ್ಪನ ಆಪರೇಶನ್‌ಗೆ ಊರಲ್ಲೊಬ್ಬರ ಹತ್ರ 80,000 ಸಾಲ ತಗೊಂಡಿದ್ದೆ. ಪ್ರೋನೋಟ್ ಮೇಲಿನ ಸೈನ್ ನಂದೇ. ಬಡ್ಡಿ 24% ಅಂತ ಇದ್ದಿದ್ದನ್ನ ಓದದೇ ಹಾಕಿದ್ದು. ತಿಂಗಳಿಗೆ 3,000ದಂತೆ 15 ಕಂತು, ಒಟ್ಟು 45,000 ಕಟ್ಟಿದೀನಿ. ದಾವೆಯ ಪ್ಯಾರಾ 4ರಲ್ಲಿ ಮಾತ್ರ "ಪ್ರತಿವಾದಿಯು ಯಾವುದೇ ಹಣ ಮರುಪಾವತಿಸಿಲ್ಲ" ಅಂತಿದೆ.

ಕೋರ್ಟಲ್ಲಿ ಜವಾನ ಬಾಗಿಲಲ್ಲಿ ನಿಂತು ಹೆಸರು ಕೂಗ್ತಾನೆ. ಎರಡನೇ ದಿನ ಒಬ್ಬರು ಅಜ್ಜ ಟೀ ಕುಡಿಯೋಕೆ ಹೋಗಿದ್ರು. ವಾಪಸ್ ಬರೋಷ್ಟ್ರಲ್ಲಿ ಅವರ ಕೇಸಲ್ಲಿ ಎಕ್ಸ್‌ಪಾರ್ಟಿ ಅಂತ ಆರ್ಡರ್ ಆಗಿತ್ತು. ಅದನ್ನ ಸರಿಮಾಡಿಸೋಕೆ ಅರ್ಜಿ ಹಾಕಬಹುದು, ಆದ್ರೆ ಬರದೇ ಇದ್ದಿದ್ದಕ್ಕೆ ಕೋರ್ಟ್ ಒಪ್ಪೋ ಕಾರಣ ಬೇಕು. ಅವತ್ತಿಂದ ನನ್ನ ಹೆಸರು ಕೂಗೋವರೆಗೂ ನಾನು ಬಾತ್‌ರೂಮಿಗೂ ಹೋಗಲ್ಲ.

ಉತ್ತರ ಕೊಡೋಕೆ 30 ದಿನ. ಕಾರಣ ಹೇಳಿ ಕೇಳಿದ್ರೆ ಕೋರ್ಟ್ 90ನೇ ದಿನದವರೆಗೂ ಬಿಡಬಹುದು. ಎಣಿಕೆ ಶುರುವಾಗೋದು ಸಮನ್ಸ್ ಕೈಗೆ ಸಿಕ್ಕ ದಿನದಿಂದ, ಮೊದಲ ವಾಯಿದೆಯಿಂದ ಅಲ್ಲ. ನನಗಿದು ಗೊತ್ತಾಗೋ ಹೊತ್ತಿಗೆ 19 ದಿನ ಹೋಗಿತ್ತು.

ರಾತ್ರಿಯೆಲ್ಲ ಕೂತು ನಾಲ್ಕು ಪುಟ ಬರೆದೆ. ಅಪ್ಪನ ಆಪರೇಶನ್, ಅಮ್ಮ ಬಳೆ ಮಾರಿದ್ದು, ನಾನು ಕಾಲೇಜ್ ಬಿಟ್ಟು ಕೆಲಸಕ್ಕೆ ಸೇರಿದ್ದು, ಎಲ್ಲಾ. ಕೋರ್ಟ್ ಆವರಣದಲ್ಲೇ ಇರೋ ಕಾನೂನು ಸೇವೆಗಳ ಸಮಿತಿಗೆ ತಗೊಂಡು ಹೋದೆ. ಅಲ್ಲಿದ್ದ ವಕೀಲ ಮೇಡಂ ಅರ್ಧ ಪುಟ ಓದಿ ಕೆಳಗಿಟ್ರು. "ಇದೆಲ್ಲ ನಿಜನೇ ಇರಬಹುದಪ್ಪ. ಅವರ ಪ್ಯಾರಾ 4ಕ್ಕೆ ಉತ್ತರ ಎಲ್ಲಿ?"

ಇರಲಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಆದೇಶ 8 ತೆಗೆದು ತೋರಿಸಿದ್ರು. ಎದುರಿನವರು ಬರೆದ ಒಂದೊಂದು ಮಾತಿಗೂ ಹೌದು ಅಥವಾ ಅಲ್ಲ ಅಂತ ಬಿಡಿಸಿ ಬರೀಬೇಕು. ಸುಮ್ಮನಿದ್ರೆ ಒಪ್ಪಿದ ಹಾಗೆ. "ಮೇಲಿನದೆಲ್ಲ ಸುಳ್ಳು" ಅಂತ ಒಂದೇ ಸಾಲಲ್ಲಿ ಮುಗಿಸಿದ್ರೂ ಆಗಲ್ಲ. "ಇಷ್ಟು ದುಡ್ಡು ತಗೊಂಡಿಲ್ಲ" ಅಂದ್ರೆ ಒಂದು ಪೈಸೆನೂ ತಗೊಂಡಿಲ್ಲ ಅನ್ನಬೇಕು, ಇಲ್ಲಾ ಎಷ್ಟು ತಗೊಂಡೆ ಅಂತ ಹೇಳಬೇಕು. ಅಂದ್ರೆ ನನ್ನ ನಾಲ್ಕು ಪುಟ ಕಣ್ಣೀರು ಕೊಟ್ಟಿದ್ರೆ, 45,000 ಕಟ್ಟೇ ಇಲ್ಲ ಅಂತ ನಾನೇ ಒಪ್ಪಿದ ಹಾಗಾಗ್ತಿತ್ತು.

ನಮ್ಮ ಕ್ಲಾಸಿನವನೇ ಒಬ್ಬ (ನೀನೇ ಕಣೋ, ಓದ್ತಿದೀಯಾ ಅಂತ ಗೊತ್ತು) "ಸೈನ್ ನಂದಲ್ಲ ಅನ್ನು" ಅಂದ. ಆ ಉತ್ತರದ ಜೊತೆ ಪ್ರಮಾಣಪತ್ರ ಹೋಗುತ್ತೆ ಮಗಾ. ಅದೂ ಅಲ್ದೆ ಅಪ್ಪ ಇವತ್ತು ನಡೆದಾಡ್ತಿರೋದು ಆ ದುಡ್ಡಿಂದ. ಸಾಲ ತಗೊಂಡಿದ್ದು ಹೌದು ಅಂತಲೇ ಬರೆದೆ.

ಮುಂದಿನ ತಲೆನೋವು ಸಾಕ್ಷಿ. 9 ಕಂತು ಅವರ ನಂಬರ್‌ಗೆ ಹೋಗಿದೆ, 6 ಕಂತು ಮಗನ ನಂಬರ್‌ಗೆ. ಅವರೇ ವಾಟ್ಸಾಪಲ್ಲಿ ಹಾಗೆ ಹಾಕು ಅಂದಿದ್ರು. ನಾನು ಸ್ಕ್ರೀನ್‌ಶಾಟ್ ಪ್ರಿಂಟ್ ಹಿಡ್ಕೊಂಡು ಹೀರೋ ಥರ ಹೋದೆ. ಬರೀ ಪ್ರಿಂಟ್ ನಡೆಯಲ್ಲ, ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರ ಸರ್ಟಿಫಿಕೇಟ್ ಜೊತೆಗಿರಬೇಕಂತೆ. ಬ್ಯಾಂಕಿಗೆ ಹೋಗಿ ಸೀಲು, ಸಹಿ ಇರೋ ಸ್ಟೇಟ್‌ಮೆಂಟ್ ತಂದೆ. ಆ ಮೆಸೇಜ್ ಡಿಲೀಟ್ ಮಾಡದೇ ಇದ್ದಿದ್ದು ನನ್ನ ಬುದ್ಧಿವಂತಿಕೆ ಅಲ್ಲ, ಸೋಮಾರಿತನ.

ಹುಡುಗೀರಿಗೆ ಒಂದು ಮಾತು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಉಚಿತ ವಕೀಲರನ್ನ ಕೇಳೋ ಹಕ್ಕಿದೆ. ನನ್ನ ಹಾಗೆ ಒದ್ದಾಡಬೇಡಿ, ಮೊದಲು ಅಲ್ಲಿಗೆ ಹೋಗಿ.

28ನೇ ದಿನ ಸಲ್ಲಿಸಿದೆ. "ಲಾಯರ್ ಇಟ್ಕೊಂಡಿಲ್ವಾ?" ಅಂದ್ರು ಜಡ್ಜ್. "ಇಲ್ಲ ಸ್ವಾಮಿ, ನಾನೇ" ಅಂದೆ. ಧ್ವನಿ ನಡುಗ್ತಿತ್ತು. ಎದುರಿನ ವಕೀಲರು ಪುಟ ತಿರುಗಿಸ್ತಾ ಮಗನ ನಂಬರ್ ಇರೋ ಕಡೆ ನಿಂತು ತಮ್ಮ ಕಕ್ಷಿದಾರರ ಕಡೆ ನೋಡಿದ್ರು. ಈಗ ಕೇಸು ಮಧ್ಯಸ್ಥಿಕೆಗೆ ಹೋಗಿದೆ. ಕಟ್ಟಿದ ದುಡ್ಡು ಅಸಲಿಗೋ ಬಡ್ಡಿಗೋ ಅನ್ನೋದೇ ಈಗಿನ ಜಗಳ.

ಮೊನ್ನೆ ಬಸ್‌ಸ್ಟ್ಯಾಂಡಲ್ಲಿ ಅವರೇ ಸಿಕ್ರು. "ಅಪ್ಪ ಹೆಂಗಿದಾರೆ?" ಅಂದ್ರು.

"ಓಡಾಡ್ತಾರೆ" ಅಂದೆ. ಅಷ್ಟರಲ್ಲಿ ಬಸ್ ಬಂತು.